ಪತ್ತೆಯಾಯಿತು, ಮುಂದೆ?

2021ರಲ್ಲಿ ಇಮ್ಯಾಜಿನ್ ಕಪ್ ಗೆದ್ದವರು ಕೆನ್ಯಾದ ವಿದ್ಯಾರ್ಥಿಗಳು. ರೆವೆಬಾ ಎಂಬ ಅವರ ವ್ಯವಸ್ಥೆ ಹಸುಗೂಸಿನ ಬೆಳವಣಿಗೆಯ ಅಳತೆಗಳನ್ನು ದಾಖಲಿಸಿ, ಮಗು ಸೊರಗುವ ಲಕ್ಷಣ ಕಂಡರೆ ದೂರದ ವೈದ್ಯರಿಗೆ ಮೊದಲೇ ಸುಳಿವು ಕೊಡುತ್ತದೆ. ಊರಲ್ಲಿ ಡಾಕ್ಟರಿಲ್ಲದ ತಾಯಿಗೆ ಇದು ಸಣ್ಣ ಆಸರೆಯಲ್ಲ. ಕಾಲೇಜಿನ ಹುಡುಗ ಹುಡುಗಿಯರು ಇಂಥದ್ದಕ್ಕಾಗಿ ನಿದ್ದೆಗೆಟ್ಟದ್ದು ನಿಜಕ್ಕೂ ಸಂತೋಷದ ಸಂಗತಿ. ನನ್ನ ತಕರಾರು ಅವರ ಮೇಲಲ್ಲ, ಅವರ ಕೆಲಸಕ್ಕೆ ಬೆಲೆ ಕಟ್ಟುವ ಸ್ಪರ್ಧೆಯ ಕ್ರಮದ ಮೇಲೆ.

ಮೈಕ್ರೋಸಾಫ್ಟ್ ಕಂಪನಿ 2003ರಲ್ಲಿ ಶುರುಮಾಡಿದ ಈ ವಿದ್ಯಾರ್ಥಿ ಸ್ಪರ್ಧೆ ಈಗ ಬಹುಮಟ್ಟಿಗೆ ಕೃತಕ ಬುದ್ಧಿಮತ್ತೆಯ ಸ್ಪರ್ಧೆಯೇ ಆಗಿದೆ. ಗೆದ್ದ ತಂಡಕ್ಕೆ ಒಂದು ಲಕ್ಷ ಡಾಲರ್. ಜೊತೆಗೆ ಕಂಪನಿಯ ಮುಖ್ಯಸ್ಥ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಅವರೊಡನೆ ಕೂತು ಮಾತಾಡುವ, ಮಾರ್ಗದರ್ಶನ ಪಡೆಯುವ ಅವಕಾಶ. ಗೆದ್ದ ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಒಲವು ಕಾಣುತ್ತದೆ. 2018ರಲ್ಲಿ ಕೆನಡಾದ ಸ್ಮಾರ್ಟ್‌ಆರ್ಮ್: ಅಂಗೈಯಲ್ಲಿ ಕ್ಯಾಮೆರಾ ಇರುವ ಕೃತಕ ಕೈ, ಎದುರಿನ ವಸ್ತು ಯಾವುದೆಂದು ತಿಳಿದು ಹಿಡಿತ ಬದಲಿಸುತ್ತದೆ. 2019ರಲ್ಲಿ ಅಮೆರಿಕದ ಈಸಿಗ್ಲೂಕೋಸ್: ಕಣ್ಣಿನ ಫೋಟೊದಿಂದ ರಕ್ತದ ಸಕ್ಕರೆ ಅಂದಾಜು ಮಾಡುವ ಪ್ರಯತ್ನ. 2024ರಲ್ಲಿ ಟರ್ಕಿಯ ಫ್ರಮ್ ಯುವರ್ ಐಸ್: ಕಣ್ಣು ಕಾಣದವರಿಗೆ ಸುತ್ತಲಿನದನ್ನು ವಿವರಿಸುವ ತಂತ್ರಜ್ಞಾನ. ಎಲ್ಲದರ ಜೀವಾಳವೂ ನೋಡುವುದು, ಗುರುತಿಸುವುದು, ಅಳೆಯುವುದು.

ಹೀಗಾಗುವುದಕ್ಕೆ ಕಾರಣವಿದೆ. ಇಂದಿನ ಎಐ ಚೆನ್ನಾಗಿ ಕಲಿತಿರುವ ಕೆಲಸಗಳಲ್ಲಿ ಗುರುತಿಸುವಿಕೆ ಮುಖ್ಯವಾದದ್ದು, ಮತ್ತು ಅದನ್ನು ವೇದಿಕೆಯ ಮೇಲೆ ಕೆಲವೇ ನಿಮಿಷಗಳಲ್ಲಿ ತೋರಿಸಬಹುದು. ಕ್ಯಾಮೆರಾ ಹಿಡಿದರೆ ಪರದೆಯ ಮೇಲೆ ಉತ್ತರ ಬರುತ್ತದೆ, ತೀರ್ಪುಗಾರರು ಕಣ್ಣಾರೆ ಕಾಣುತ್ತಾರೆ. ಪತ್ತೆಯಾದ ಮೇಲೆ ನಡೆಯಬೇಕಾದದ್ದನ್ನು ಹಾಗೆ ತೋರಿಸಲಾಗದು. ಅದು ತಿಂಗಳುಗಟ್ಟಲೆ ನಡೆಯುವ, ಹಲವರ ಕೈ ಬೇಡುವ ಕೆಲಸ. ಬಹುಮಾನ ಸಿಗುವ ಕಡೆಗೇ ವಿದ್ಯಾರ್ಥಿಗಳ ಯೋಚನೆಯೂ ಹರಿಯುತ್ತದೆ. ಹಾಗಾಗಿ ಸಾಮಾಜಿಕ ಸಮಸ್ಯೆಯೆಂದರೆ ಮಾಹಿತಿಯ ಕೊರತೆ ಎಂದೇ ಅವರು ನಂಬಿಬಿಡುವ ಅಪಾಯವಿದೆ.

ನಮ್ಮ ಅಂಗನವಾಡಿಗಳನ್ನೇ ನೋಡಿ. ಅಲ್ಲಿ ತೂಕದ ಯಂತ್ರವಿದೆ, ಎತ್ತರ ಅಳೆಯುವ ಪಟ್ಟಿಯಿದೆ, 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಕೂಡ ಇದೆ. ಮಗು ತೀವ್ರ ಅಪೌಷ್ಟಿಕತೆಯ ಗೆರೆಗಿಂತ ಕೆಳಗಿಳಿದರೆ ಕಾರ್ಯಕರ್ತೆಗೆ ಗೊತ್ತಾಗುತ್ತದೆ. ಕಷ್ಟ ಶುರುವಾಗುವುದು ಅನಂತರ. ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರೆ ತಾಯಿ ಸುಮಾರು ಎರಡು ವಾರ ಅಲ್ಲೇ ಉಳಿಯಬೇಕು. ಸರ್ಕಾರ ಆಕೆಯ ಕೂಲಿ ನಷ್ಟಕ್ಕೆ ಪರಿಹಾರ ಕೊಡುತ್ತದೆ ನಿಜ. ಆದರೆ ಮನೆಯಲ್ಲಿರುವ ಇನ್ನಿಬ್ಬರು ಮಕ್ಕಳಿಗೆ ಅನ್ನ ಮಾಡಿಹಾಕುವವರು ಯಾರು, ಕಟ್ಟಿದ ಹಸುವನ್ನು ನೋಡಿಕೊಳ್ಳುವವರು ಯಾರು? ವಾಪಸಾದ ಮಗು ಮತ್ತೆ ಅದೇ ತಿಳಿಸಾರಿಗೆ ಮರಳಿದರೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಬಿಸಿನೆಸ್ ಪ್ಲಾನ್ ಒಂದು ಪಿಚ್‌ನಲ್ಲಿ ಗೆದ್ದರೆ ನಾನು ಚಪ್ಪಾಳೆ ತಟ್ಟುತ್ತೇನೆ.

ಇನ್ನು ಗುರುತಿಸುವ ಕೆಲಸವಾದರೂ ಅಷ್ಟು ಸುಲಭವೇ? ಈಸಿಗ್ಲೂಕೋಸ್ ಗೆದ್ದು ಐದು ವರ್ಷವಾದ ಮೇಲೆ, 2024ರ ಫೆಬ್ರುವರಿಯಲ್ಲಿ, ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು: ಚರ್ಮ ಚುಚ್ಚದೆ ತಾವೇ ಸಕ್ಕರೆ ಅಳೆಯುತ್ತವೆ ಎನ್ನುವ ವಾಚು, ಉಂಗುರಗಳನ್ನು ನಂಬಬೇಡಿ, ಅಂಥ ಯಾವುದಕ್ಕೂ ನಾವು ಅನುಮತಿ ಕೊಟ್ಟಿಲ್ಲ ಎಂದು. ತಪ್ಪು ಅಳತೆ ನಂಬಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಪ್ರಾಣಕ್ಕೇ ಸಂಚಕಾರ. ಕಣ್ಣಿನ ಫೋಟೊದ ದಾರಿ ಬೇರೆಯಾದರೂ, ಸೂಜಿಯಿಲ್ಲದೆ ಸಕ್ಕರೆ ತಿಳಿಯುವುದು ಎಷ್ಟು ಕಠಿಣವೆಂಬುದು ಇದರಿಂದ ತಿಳಿಯುತ್ತದೆ. ಗೂಗಲ್‌ನಂಥ ದೈತ್ಯ ಕಂಪನಿಗೂ ಗುರುತಿಸುವುದು ಸುಲಭವಲ್ಲವೆಂಬ ಪಾಠ ಥಾಯ್ಲೆಂಡಿನಲ್ಲಿ ಸಿಕ್ಕಿತು. ಮಧುಮೇಹಿಗಳ ಅಕ್ಷಿಪಟಲ ಪರೀಕ್ಷಿಸುವ ಅದರ ವ್ಯವಸ್ಥೆಯನ್ನು ಕಂಪನಿಯದೇ ತಂಡ 11 ಚಿಕಿತ್ಸಾಲಯಗಳಲ್ಲಿ ಅಧ್ಯಯನ ಮಾಡಿ 2020ರಲ್ಲಿ ವರದಿ ಪ್ರಕಟಿಸಿತು. ಮೊದಲ ಆರು ತಿಂಗಳಲ್ಲಿ ತೆಗೆದ 1,838 ಚಿತ್ರಗಳಲ್ಲಿ ಐದರಲ್ಲೊಂದಕ್ಕಿಂತ ಹೆಚ್ಚಿನವನ್ನು ಯಂತ್ರ ಓದಲಾರೆನೆಂದು ಬದಿಗೆ ಸರಿಸಿತ್ತು. ಒಳ್ಳೆಯ ಚಿತ್ರಕ್ಕೆ ಬೇಕಾದ ಕತ್ತಲು ನರ್ಸ್ ಕೂರುವ ಆ ಕೋಣೆಗಳಲ್ಲಿ ಹೆಚ್ಚಿನವುಗಳಲ್ಲಿ ಇರಲಿಲ್ಲ. ಚಿತ್ರ ಓದಲಾಗದ ರೋಗಿಗೆ ಇನ್ನೊಂದು ದಿನ ಇನ್ನೊಂದು ಆಸ್ಪತ್ರೆಗೆ ಹೋಗಿ ಎಂದು ಹೇಳಬೇಕಾಯಿತು. ಆ ತಂಡ ಇದನ್ನು ಮುಚ್ಚಿಡದೆ ಬರೆದದ್ದು ದೊಡ್ಡ ಮಾತು. ಇಂಥ ವರದಿಗೆ ಪಿಚ್ ಸ್ಪರ್ಧೆಯಲ್ಲಿ ಅಂಕವಿಲ್ಲ, ಇರಬೇಕಿತ್ತು.

ವಿದ್ಯಾರ್ಥಿ ಸ್ಪರ್ಧೆಗಳಲ್ಲೇ ಬೇರೆ ದಾರಿಯೂ ಇದೆ. 2014ರ ಹಲ್ಟ್ ಪ್ರೈಜ್ ಗೆದ್ದದ್ದು ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ನ್ಯಾನೋಹೆಲ್ತ್ ತಂಡ. ಅಲ್ಲಿ ಬಹುಮಾನ 10 ಲಕ್ಷ ಡಾಲರ್, ವಿಷಯ ಕೊಳೆಗೇರಿಗಳಲ್ಲಿನ ಬಿ.ಪಿ., ಶುಗರ್‌ನಂಥ ದೀರ್ಘಕಾಲದ ಕಾಯಿಲೆಗಳು. ಅವರು ಯೋಜನೆಯ ನಡುಮಧ್ಯದಲ್ಲಿ ಇಟ್ಟದ್ದು ಸಾಥಿ ಎಂದು ಕರೆದ, ಅದೇ ಬಡಾವಣೆಯ ಆರೋಗ್ಯ ಕಾರ್ಯಕರ್ತೆಯನ್ನು. ಪರೀಕ್ಷಾ ಸಾಧನಗಳ ಚೀಲ ಅವಳ ಹೆಗಲಲ್ಲಿತ್ತು; ಮನೆಮನೆಗೆ ಮತ್ತೆ ಮತ್ತೆ ಹೋಗುವುದು ಅವಳ ಕೆಲಸವಾಗಿತ್ತು. ಪತ್ತೆ ಮತ್ತು ಆರೈಕೆ ಎರಡನ್ನೂ ಒಂದೇ ವ್ಯಕ್ತಿಯಲ್ಲಿ ಜೋಡಿಸಿದ ಈ ವಿನ್ಯಾಸ ನನಗೆ ಇಮ್ಯಾಜಿನ್ ಕಪ್‌ನ ಬಹಳಷ್ಟು ಸಾಧನಗಳಿಗಿಂತ ಪ್ರಬುದ್ಧವಾಗಿ ಕಾಣುತ್ತದೆ. ಫ್ರಮ್ ಯುವರ್ ಐಸ್ ಬಗ್ಗೆಯೂ ನನಗೆ ಭರವಸೆಯಿದೆ, ಆದರೆ ಬೇರೆ ಕಾರಣಕ್ಕೆ: ಅದನ್ನು ಮುನ್ನಡೆಸುವ ಯುವತಿ ಸ್ವತಃ ದೃಷ್ಟಿಹೀನೆ. ಯಾವ ವಿವರಣೆ ಉಪಯೋಗ, ಯಾವುದು ಬರೀ ಗದ್ದಲ ಎಂಬುದನ್ನು ಆಕೆಗೆ ಯಾವ ತೀರ್ಪುಗಾರರೂ ಹೇಳಿಕೊಡಬೇಕಿಲ್ಲ.

ಭಾರತದಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಸೇರಿ 2017ರಿಂದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ನಡೆಸುತ್ತಿವೆ. ಅದರ ಒಂದು ಒಳ್ಳೆಯ ಗುಣವೆಂದರೆ ಹೆಚ್ಚಿನ ಸಮಸ್ಯೆಗಳನ್ನು ಇಲಾಖೆಗಳೇ ಕೊಡುವುದು. ಪರಿಹಾರಕ್ಕೆ ಒಬ್ಬ ವಾರಸುದಾರನಾದರೂ ಇರುತ್ತಾನೆ. ಆದರೆ ಇಲಾಖೆಯ ಸಮಸ್ಯೆ ಮತ್ತು ತಳಮಟ್ಟದಲ್ಲಿ ದುಡಿಯುವವರ ಸಮಸ್ಯೆ ಯಾವಾಗಲೂ ಒಂದೇ ಆಗಿರುವುದಿಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿಯಿಡೀ ಧರಣಿ ಕೂತಾಗ ಗೌರವಧನ ಹೆಚ್ಚಿಸಿ ಎಂಬುದರ ಜೊತೆಗೆ ತಾಯಿ-ಮಗುವಿನ ಆರೋಗ್ಯ ಸೇವೆಗಳನ್ನು ದಾಖಲಿಸುವ ಆರ್‌ಸಿಎಚ್ ಪೋರ್ಟಲ್‌ನ ತೊಂದರೆಯನ್ನೂ ಎತ್ತಿದ್ದರು. ಮಾಡಿದ ಕೆಲಸ ಪೋರ್ಟಲ್‌ಗೆ ಏರದಿದ್ದರೆ ಪ್ರೋತ್ಸಾಹಧನ ಕೈತಪ್ಪುತ್ತದೆ ಎಂಬುದು ಅವರ ಅಳಲು. ಹ್ಯಾಕಥಾನಿನ 36 ಗಂಟೆಗಳಲ್ಲಿ ಕಟ್ಟುವ ಇನ್ನೊಂದು ಆ್ಯಪ್ ಕೊನೆಗೆ ಬಂದು ಬೀಳುವುದು ಇವರ ಫೋನಿಗೇ.

ಬದಲಾಯಿಸಲು ಸಾಧ್ಯವಿರುವುದು ಬಹುಮಾನದ ಕ್ರಮ. ಫೈನಲ್‌ನ ದಿನ ಅರ್ಧ ಹಣ ಕೊಡಲಿ. ಉಳಿದರ್ಧವನ್ನು ಒಂದು ವರ್ಷದ ನಂತರ, ಆ ಸಾಧನವನ್ನು ನಿಜಕ್ಕೂ ಬಳಸಿದವರ ಮಾತು ಕೇಳಿ ಕೊಡಲಿ. ತೀರ್ಪುಗಾರರ ಸಾಲಿನಲ್ಲಿ ಒಬ್ಬ ಅಂಗನವಾಡಿ ಕಾರ್ಯಕರ್ತೆ, ಒಬ್ಬ ಆಶಾ ಕಾರ್ಯಕರ್ತೆ ಕೂರಲಿ. ಇದಕ್ಕೆ ಬರುವ ಬಲವಾದ ಆಕ್ಷೇಪವೂ ನನಗೆ ಗೊತ್ತು: ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಕ್ಯಾಂಪಸ್ ಪ್ಲೇಸ್‌ಮೆಂಟ್ ಆಗುತ್ತಲೇ ತಂಡ ಚದುರುತ್ತದೆ, ವರ್ಷದ ನಂತರ ಉತ್ತರ ಕೊಡಲು ಯಾರಿರುತ್ತಾರೆ? ಹಾಗಿದ್ದರೆ ಹಣ ತಂಡದ ಬದಲು ಕಾಲೇಜಿನ ವಿಭಾಗಕ್ಕೆ ಹೋಗಲಿ, ಗೆದ್ದ ಕೆಲಸ ಮುಂದಿನ ಬ್ಯಾಚಿನ ಪ್ರಾಜೆಕ್ಟ್ ಆಗಿ ಮುಂದುವರಿಯಲಿ. ಆ ಜೂನಿಯರ್‌ಗಳು ಹೊಸ ಐಡಿಯಾ ಹುಡುಕುವ ಬದಲು ಹಳೆಯದನ್ನು ಹೊತ್ತು ಅದೇ ಹಳ್ಳಿಗೆ ಹೋಗಿ, ಅದು ಎಲ್ಲೆಲ್ಲಿ ಕೈಕೊಟ್ಟಿತು ಎಂದು ಬರೆದುಕೊಂಡು ಬರಲಿ, ಅದಕ್ಕೂ ಅಂಕ ಸಿಗಲಿ.