ಸಹಿ ನಮ್ದು, ಅರ್ಥ ಯಾರ್ದು?

ಕ್ಯಾಥೊಲಿಕರು ಪ್ರೊಟೆಸ್ಟೆಂಟ್ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಬಹುದಾ? ಹೊರಗೆ ನಿಂತು ನೋಡೋರಿಗೆ ಇದೊಂದು ಪ್ರಶ್ನೆ ಅಂತಲೇ ಅನ್ನಿಸೋದಿಲ್ಲ. ಇಬ್ಬರೂ ಕ್ರೈಸ್ತರು, ಇಬ್ಬರ ಕೈಯಲ್ಲೂ ಬೈಬಲ್, ಸಂಬಳ ಸರಿಯಾಗಿ ಬಂದ್ರೆ ತಕರಾರೇನು ಅಂತ ಕೇಳೋದು ಸುಲಭ. ನಾನು ಕ್ರೈಸ್ತನಲ್ಲ. ಆದ್ರೆ ನನ್ನ ಟೀಮಿನಲ್ಲಿದ್ದ ಮಂಗಳೂರು ಕಡೆಯ ಕ್ಯಾಥೊಲಿಕ್ ಗೆಳೆಯನಿಗೆ ಅಮೆರಿಕದ ಪ್ರೊಟೆಸ್ಟೆಂಟ್ ಸೇವಾಸಂಸ್ಥೆಯೊಂದರಿಂದ ಆಫರ್ ಬಂದಾಗ ಈ ಪ್ರಶ್ನೆ ನನ್ನ ಪಕ್ಕದ ಕುರ್ಚಿಗೇ ಬಂದು ಕೂತಿತ್ತು. ಕೆಲಸ ಡೇಟಾಬೇಸಿನದ್ದು. ಆಫರ್ ಲೆಟರ್ ಜೊತೆ ಒಂದು ಪುಟದ ವಿಶ್ವಾಸದ ಹೇಳಿಕೆ ಇತ್ತು. ಓದಿ, ಒಪ್ಪಿ, ಸಹಿ ಹಾಕಬೇಕು. "ಸಾಲು ಸಾಲಾಗಿ ಓದಿದೆ ಮಾರಾಯ, ತಪ್ಪು ಅಂತ ಹೇಳುವಂಥದ್ದು ಏನೂ ಇಲ್ಲ. ಆದ್ರೆ ಬರೆದವರ ಮನಸ್ಸಿನಲ್ಲಿ ನನ್ನಂಥವನು ಇರ್ಲಿಲ್ಲ ಅನ್ನಿಸ್ತದೆ" ಅಂದ. ಮನೆ ಸಾಲ, ಎರಡು ವರ್ಷದ ಮಗು, ಒಳ್ಳೇ ಸಂಬಳ ಒಂದು ತಕ್ಕಡಿಯಲ್ಲಿ. ಒಂದು ಸಹಿ ಇನ್ನೊಂದರಲ್ಲಿ.

ಕೆಲಸ ಅಂದ್ರೆ ಬರೀ ಕೈಕೆಲಸವಾದ್ರೆ ಉತ್ತರ ಕಷ್ಟವೇನಲ್ಲ. ನಮ್ಮೂರಿನ ಬಡಗಿ ದೇವಸ್ಥಾನದ ಬಾಗಿಲು ಕೆತ್ತಿದ ಉಳಿಯಲ್ಲೇ ದರ್ಗಾದ ಬಾಗಿಲನ್ನೂ ಕೆತ್ತುತ್ತಿದ್ದ. ನೀನೇನು ನಂಬ್ತೀಯಪ್ಪಾ ಅಂತ ಅವನನ್ನ ಯಾರೂ ಕೇಳಿದ್ದಿಲ್ಲ. ಕ್ಯಾಥೊಲಿಕ್ ನೀತಿಶಾಸ್ತ್ರದಲ್ಲೂ ಹಳೆಯದೊಂದು ಭೇದ ಇದೆ: ಇನ್ನೊಬ್ಬರ ಉದ್ದೇಶವನ್ನೇ ತನ್ನದು ಮಾಡಿಕೊಂಡು ಕೈಜೋಡಿಸೋದು ಬೇರೆ, ಅವರ ಕೆಲಸಕ್ಕೆ ನೆರವಾಗೋದು ಬೇರೆ. 1964ರಲ್ಲಿ ಎರಡನೇ ವ್ಯಾಟಿಕನ್ ಸಭೆ ಬೇರೆ ಕ್ರೈಸ್ತರನ್ನು ಅಗಲಿದ ಸಹೋದರರು ಅಂತ ಕರೆದು, ಸಮಾಜದ ಕೆಲಸಗಳಲ್ಲಿ ಅವರ ಜೊತೆ ಸೇರಿ ದುಡಿಯಿರಿ ಅಂತಲೇ ಹೇಳಿತು. ಹಾಗಾಗಿ ರೋಮಿನ ಕಡೆಯಿಂದ ಬಾಗಿಲಿಗೆ ಬೀಗ ಇಲ್ಲ. ತೊಡಕು ಶುರುವಾಗೋದು ಕೈಯ ಜೊತೆ ನಂಬಿಕೆಯನ್ನೂ ಕೇಳಿದಾಗ.

ಇಂಥ ತೊಡಕೊಂದು ಅಮೆರಿಕದಲ್ಲಿ ದೊಡ್ಡ ಸುದ್ದಿಯಾಗಿತ್ತು. ಇಲಿನಾಯ್ ರಾಜ್ಯದ ವ್ಹೀಟನ್ ಕಾಲೇಜು 1860ರಲ್ಲಿ ಶುರುವಾದದ್ದು. ಬಿಲ್ಲಿ ಗ್ರಹಾಂ ಓದಿದ್ದು ಅಲ್ಲೇ. ಅಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ಜೋಶುವಾ ಹಾಕ್‌ಶೀಲ್ಡ್ 2004ರಲ್ಲಿ ಕ್ಯಾಥೊಲಿಕ್ ಆದರು. ಕಾಲೇಜಿನ ವಿಶ್ವಾಸದ ಹೇಳಿಕೆಯನ್ನು ಈಗಲೂ ಒಪ್ಪುತ್ತೇನೆ ಅಂದರು. ಕಾಲೇಜಿನ ಅಧ್ಯಕ್ಷ ಡುಯೇನ್ ಲಿಟ್ಫಿನ್, ಕ್ಯಾಥೊಲಿಕ್ ಆದವರು ಇದನ್ನು ಒಪ್ಪಲು ಸಾಧ್ಯವಿಲ್ಲ ಅಂದರು. ಹಾಕ್‌ಶೀಲ್ಡ್ ಕೆಲಸ ಕಳಕೊಂಡು ಮೇರಿಲ್ಯಾಂಡಿನ ಮೌಂಟ್ ಸೇಂಟ್ ಮೇರಿಸ್ ಅನ್ನೋ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಸೇರಿದರು. 2006ರ ಜನವರಿಯಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಇದನ್ನು ಬರೆದ ಮೇಲೆ ವಾದ ಊರೂರಿಗೆ ಹಬ್ಬಿತು.

ಆ ಹೇಳಿಕೆಯ ಮೂಲರೂಪ 1926ರದ್ದು. ಈಗ ಕಾಲೇಜು ಬಳಸೋ ಪಠ್ಯವನ್ನು ಓದಿ ನೋಡಿ. ಪೋಪ್ ಹೆಸರಿಲ್ಲ, ಕ್ಯಾಥೊಲಿಕರು ಬೇಡ ಅನ್ನೋ ಮಾತಿಲ್ಲ. ಯೇಸುವಿನ ಜನನ, ಶಿಲುಬೆಯ ಸಾವು, ಪುನರುತ್ಥಾನದ ಸಾಲುಗಳನ್ನು ಕ್ಯಾಥೊಲಿಕ್ ಒಬ್ಬ ತಡವರಿಸದೆ ಓದಬಹುದು. ಸಿಕ್ಕು ಬಿದ್ದದ್ದು ಬೈಬಲ್ ಕುರಿತ ಸಾಲಿಗೆ. ಬೈಬಲ್ ಹೇಳುವುದೆಲ್ಲದರಲ್ಲೂ ಅದಕ್ಕೆ ಪರಮ ಮತ್ತು ಅಂತಿಮ ಅಧಿಕಾರ ಇದೆ ಅನ್ನುತ್ತೆ ಅದು. ಬೈಬಲ್ ಜೊತೆ ಪರಂಪರೆಯನ್ನೂ ಪೋಪ್ ಮತ್ತು ಬಿಷಪ್ಪರ ಬೋಧನೆಯನ್ನೂ ಒಪ್ಪೋ ಮನುಷ್ಯ ಈ ಸಾಲನ್ನು ಪ್ರಾಮಾಣಿಕವಾಗಿ ಹೇಗೆ ಹೇಳ್ತಾನೆ ಅನ್ನೋದು ಲಿಟ್ಫಿನ್ ಕಡೆಯ ವಾದ. ಇನ್ನೊಂದು ಕಡೆಗೂ ಆಧಾರ ಇದೆ: ಬೋಧಿಸುವ ಅಧಿಕಾರ ದೇವರ ವಾಕ್ಯದ ಮೇಲಿನದ್ದಲ್ಲ, ಅದರ ಸೇವೆಗೆ ಇರೋದು ಅಂತ 1965ರ ವ್ಯಾಟಿಕನ್ ದಾಖಲೆಯೇ ಹೇಳುತ್ತೆ.

ಲಿಟ್ಫಿನ್ ಅವರನ್ನು ಸಂಕುಚಿತ ಬುದ್ಧಿಯವರು ಅಂತ ಒಂದೇ ಮಾತಲ್ಲಿ ತಳ್ಳಿಹಾಕೋದು ನ್ಯಾಯ ಅಲ್ಲ. 2004ರಲ್ಲಿ ಬಂದ 'ಕನ್ಸೀವಿಂಗ್ ದ ಕ್ರಿಶ್ಚಿಯನ್ ಕಾಲೇಜ್' ಪುಸ್ತಕದಲ್ಲಿ ಅವರು ಕ್ರೈಸ್ತ ಕಾಲೇಜುಗಳನ್ನು ಎರಡು ಬಗೆಯಾಗಿ ನೋಡ್ತಾರೆ. ಒಂದು ಛತ್ರಿಯಂಥದ್ದು: ಹಿಡಿದ ಕೈ ಕ್ರೈಸ್ತರದ್ದು, ಕೆಳಗೆ ಬೇರೆ ಬೇರೆ ನಂಬಿಕೆಯವರಿಗೂ ಜಾಗ ಇದೆ. ಇನ್ನೊಂದರಲ್ಲಿ ಸಂಸ್ಥೆಯ ನಂಬಿಕೆ ಪ್ರತಿಯೊಬ್ಬ ಅಧ್ಯಾಪಕನ ನಂಬಿಕೆಯೂ ಆಗಿರಬೇಕು. ವ್ಹೀಟನ್ ಎರಡನೇ ಬಗೆಯದ್ದು. ಇಂಥದ್ದೊಂದು ಸಂಸ್ಥೆ ಕಟ್ಟೋ ಹಕ್ಕು ಅವರಿಗಿದೆ. ಅಮೆರಿಕದ ಕಾನೂನೂ ಅವರ ಜೊತೆಗಿದೆ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಕೆಲಸದಲ್ಲಿ ಧರ್ಮದ ತಾರತಮ್ಯ ಕೂಡದು ಅನ್ನುತ್ತೆ, ಆದ್ರೆ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತೆ. ಮಾರ್ಮನ್ ಚರ್ಚಿನ ಜಿಮ್ ಕಟ್ಟಡ ನೋಡ್ಕೊಳ್ತಿದ್ದ ನೌಕರನಿಗೂ ಆ ವಿನಾಯಿತಿ ಅನ್ವಯಿಸುತ್ತೆ ಅಂತ 1987ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಅಂದ್ರೆ ನನ್ನ ಗೆಳೆಯನ ಡೇಟಾಬೇಸಿಗೂ ರಕ್ಷಣೆ ಕಮ್ಮಿ.

ನನ್ನ ಆಕ್ಷೇಪ ಹಕ್ಕಿನ ಬಗ್ಗೆ ಅಲ್ಲ, ವಾದದ ಬಗ್ಗೆ. ಪಠ್ಯವೇ ಅಂತಿಮ, ಅದಕ್ಕೆ ಅರ್ಥ ಹೇಳೋ ಗುರುಪೀಠ ಬೇಡ ಅನ್ನೋದು ಪ್ರೊಟೆಸ್ಟೆಂಟರು ರೋಮಿನ ಮುಂದೆ ಹಿಡಿದ ಹಟ. ಇಲ್ಲಿ ಒಂದು ಪಠ್ಯ ಇದೆ, ಅದನ್ನು ಒಪ್ತೀನಿ ಅನ್ನೋ ಒಬ್ಬ ಮನುಷ್ಯ ಇದ್ದಾನೆ. ಆಗ ಅಧ್ಯಕ್ಷರು ಬಂದು, ಈ ಸಾಲಿನ ಅರ್ಥ ನೀನು ಅಂದ್ಕೊಂಡದ್ದಲ್ಲ, ನಾವು ಹೇಳಿದ್ದು ಅಂತಾರೆ. ಹಾಗಾದ್ರೆ ಇದೂ ಗುರುಪೀಠವೇ ಆಯ್ತಲ್ಲ! ರೋಮಿನಲ್ಲಿ ಆ ಪೀಠ ಎಲ್ಲರ ಕಣ್ಣಿಗೆ ಕಾಣುತ್ತೆ, ವ್ಹೀಟನ್ನಿನಲ್ಲಿ ಅದು ಅಧ್ಯಕ್ಷರ ಆಫೀಸಿನೊಳಗಿತ್ತು, ಅಷ್ಟೇ ವ್ಯತ್ಯಾಸ. ಕ್ಯಾಥೊಲಿಕರು ಬೇಡ ಅಂತಿದ್ರೆ ಅದನ್ನೇ ಒಂದು ಸಾಲಿನಲ್ಲಿ ಬರೆಯಬಹುದಿತ್ತು. ಸ್ಪೆಕ್‌ನಲ್ಲಿ ಬರೆಯದ ರಿಕ್ವೈರ್‌ಮೆಂಟಿಗೆ ಟೆಸ್ಟಿಂಗಿನಲ್ಲಿ ಫೇಲ್ ಮಾಡಿದ್ರೆ ನಾವೆಲ್ಲ ಎಷ್ಟು ಕೂಗಾಡ್ತೀವಿ ನೆನಪಿದೆಯಲ್ಲ?

ಹಾಗಂತ ಸಹಿ ಹಾಕೋನ ಹೊಣೆ ಹಗುರ ಆಗೋದಿಲ್ಲ. ಪದಗಳಿಗೆ ನನಗೆ ಬೇಕಾದ ಅರ್ಥ ಹೊಂದುತ್ತಾ ಅಂತ ನೋಡಿದ್ರೆ ಸಾಲದು. ಸಹಿ ಕೇಳ್ತಿರೋರು ಯಾವ ಅರ್ಥದಲ್ಲಿ ಕೇಳ್ತಿದ್ದಾರೆ ಅನ್ನೋದೂ ಗೊತ್ತಿರಬೇಕು. ಅದು ಗೊತ್ತಿದ್ದೂ ಮನಸ್ಸಿನೊಳಗೆ ಬೇರೆ ಅರ್ಥ ಇಟ್ಕೊಂಡು ಸಹಿ ಹಾಕಿದ್ರೆ ಅದು ಒಪ್ಪಂದ ಅಲ್ಲ, ಮಾತಿನ ಚಾಲಾಕಿ. ಹಾಕ್‌ಶೀಲ್ಡ್ ಹಾಗೆ ಮಾಡಲಿಲ್ಲ. ಕ್ಯಾಥೊಲಿಕ್ ಆಗ್ತಿದ್ದೀನಿ ಅಂತ ಕಾಲೇಜಿನ ಮುಂದೆ ಮುಚ್ಚಿಡದೆ ಇಟ್ಟರು, ಅದರ ಬೆಲೆಯನ್ನೂ ತೆತ್ತರು. ಈ ಪ್ರಕರಣದಲ್ಲಿ ನನಗೆ ಮೆಚ್ಚುಗೆಯಾದದ್ದು ಇದೊಂದು.

ಕ್ಯಾಥೊಲಿಕ್ ಸಂಸ್ಥೆಗಳಿಗೆ ಈ ಭಯ ಇಲ್ಲವೇ ಇಲ್ಲ ಅಂತಲ್ಲ. ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಕ್ಯಾಥೊಲಿಕೇತರ ಅಧ್ಯಾಪಕರು ಬಹುಮತ ಆಗಬಾರದು ಅಂತ 1990ರಲ್ಲಿ ಎರಡನೇ ಜಾನ್ ಪಾಲ್ ಪೋಪರ ಆದೇಶ ಹೇಳಿತು. ಆದ್ರೆ ಬಾಗಿಲು ತೆರೆದೇ ಇತ್ತು. ಪ್ರೊಟೆಸ್ಟೆಂಟ್ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗ ದಶಕಗಳ ಕಾಲ ಕಲಿಸಿದ್ದು ನೋಟರ್‌ಡೇಮ್ ಅನ್ನೋ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ವ್ಹೀಟನ್ನಿನಲ್ಲೇ ದುಡಿದ ಇತಿಹಾಸಕಾರ ಮಾರ್ಕ್ ನಾಲ್ ಅದೇ 2006ರಲ್ಲಿ ನೋಟರ್‌ಡೇಮಿಗೆ ಹೋದರು. ಪ್ರೊಟೆಸ್ಟೆಂಟರಾಗಿಯೇ ಹೋದರು.

ಇದೆಲ್ಲ ಅಮೆರಿಕದವರ ಜಗಳ ಅಂತ ಬಿಡೋಕೂ ಆಗಲ್ಲ. ನಂಬಿಕೆಗೂ ಅನ್ನಕ್ಕೂ ಗಂಟು ಬಿದ್ದರೆ ಏನಾಗುತ್ತೆ ಅಂತ ನೋಡೋಕೆ ಮಂಗಳೂರು ಸಾಕು. ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಅಲ್ಲಿಗೆ ಬಂದದ್ದು 1834ರಲ್ಲಿ. ಮತಾಂತರವಾದ ಬಿಲ್ಲವರು ಶೇಂದಿ ಇಳಿಸೋ ಕಸುಬು ಬಿಡಬೇಕಿತ್ತು. ಎಷ್ಟೋ ಜನರಿಗೆ ಮನೆ, ಜಾತಿಯ ಆಸರೆಯೂ ತಪ್ಪಿತು. ಅವರಿಗೆ ಅನ್ನದ ದಾರಿ ಬೇಕಲ್ಲ? ಮಿಷನ್ ನೇಯ್ಗೆ ಶುರು ಮಾಡಿತು. 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆ ಹಂಚು ಇವತ್ತಿಗೂ ಎಷ್ಟೋ ಮನೆಗಳ ನೆತ್ತಿ ಕಾಯುತ್ತಿದೆ, ಆ ಉಪಕಾರ ಸಣ್ಣದಲ್ಲ. ಆದ್ರೆ ಪ್ರಾರ್ಥನೆಯೂ ಪಗಾರವೂ ಒಂದೇ ಬಾಗಿಲಿನಿಂದ ಬರೋ ಕಡೆ, ನಾಳೆ ಮನಸ್ಸು ಬದಲಾದ ಮನುಷ್ಯ ಎರಡನ್ನೂ ಒಟ್ಟಿಗೆ ಕಳಕೊಳ್ಳೋ ಭಯದಲ್ಲಿ ಬದುಕಬೇಕಾಗುತ್ತೆ. ಇಂಥ ಕಡೆ ಹೌದು ಅಂದವನ ಮಾತು ನಂಬಿಕೆಯಿಂದ ಬಂತಾ, ಹೊಟ್ಟೆಪಾಡಿನಿಂದ ಬಂತಾ ಅಂತ ಸಂಸ್ಥೆಗೂ ಗೊತ್ತಾಗಲ್ಲ, ಎಷ್ಟೋ ಸಲ ಅವನಿಗೂ ಗೊತ್ತಾಗಲ್ಲ.

ಹಾಗಾಗಿ ನನ್ನ ಉತ್ತರ: ಸೇರಬಹುದು, ಆದ್ರೆ ಕೇಳಿ ಸೇರಬೇಕು. ಸಹಿ ಹಾಕೋ ಮೊದಲು ಒಂದು ಇಮೇಲ್ ಬರೀರಿ: ನಾನು ಕ್ಯಾಥೊಲಿಕ್, ನಿಮ್ಮ ಹೇಳಿಕೆಯ ಈ ಸಾಲನ್ನು ಹೀಗೆ ಅರ್ಥ ಮಾಡ್ಕೊಂಡು ಒಪ್ತಿದ್ದೀನಿ, ನಿಮಗೆ ಸಮ್ಮತವಾ? ಹೌದು ಅಂದ್ರೆ ಉತ್ತರ ಜೋಪಾನ ಮಾಡಿಡಿ. ಇಲ್ಲ ಅಂದ್ರೆ ಕೆಲಸ ಹೋಗಿದ್ದು ಸೇರೋ ಮೊದಲೇ, ಸಾಲ ಸೋಲ ಮಾಡಿ ಊರು ಬಿಟ್ಟ ಮೇಲಲ್ಲ. ಸಂಸ್ಥೆಗಳಿಗೂ ಒಂದು ಮಾತು: ಯಾರು ಬೇಡವೋ ಅದನ್ನು ಕಾಗದದಲ್ಲೇ ಬರೆದುಬಿಡಿ. ಓದಿದವರಿಗೆ ಬೇಜಾರಾಗಬಹುದು, ಮೋಸ ಹೋದೆ ಅಂತ ಅನ್ನಿಸೋದಿಲ್ಲ.

ನನ್ನ ಗೆಳೆಯ ಆ ಇಮೇಲ್ ಕಳಿಸಿದ. ಮೂರನೇ ದಿನ ಮರ್ಯಾದೆಯ ಉತ್ತರ ಬಂತು: ನಮ್ಮ ಅರ್ಥ ಅದಲ್ಲ, ಕ್ಷಮಿಸಿ. ಮನೆ ಸಾಲದ ಕಂತು ಈಗಲೂ ಹಳೇ ಸಂಬಳದಲ್ಲೇ ಹೋಗ್ತಿದೆ.