ಪ್ರತ್ಯೇಕ ಕೋಣೆ ಎಲ್ಲಿಂದ ತರೋಣ?

ಕೊರೊನಾ ಸೋಂಕಿನ ಸೌಮ್ಯ ಲಕ್ಷಣಗಳಿರುವವರು ಮನೆಯಲ್ಲಿಯೇ ಚಿಕಿತ್ಸೆ ಪಡೆಯಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯವು 2020ರಲ್ಲಿ ಹೊರಡಿಸಿದ, 2021ರ ಏಪ್ರಿಲ್ 28ರಂದು ತಿದ್ದಿ ಹೊರಡಿಸಿದ ಮಾರ್ಗಸೂಚಿಯನ್ನು ಈಗ ಸಮಾಧಾನದಿಂದ ತೆರೆದು ಓದಬೇಕು. ಅಂದು ಓದುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ರೋಗಿಯನ್ನು ಬೇರೆಯಾಗಿ ಇರಿಸುವ ಸೌಕರ್ಯ ಮನೆಯಲ್ಲಿರಬೇಕು, ಕೋಣೆಗೆ ಗಾಳಿ ಬರಬೇಕು, ಕಿಟಕಿ ತೆರೆದಿರಬೇಕು, ನೋಡಿಕೊಳ್ಳಲು ಹಗಲಿರುಳೂ ಒಬ್ಬರಿರಬೇಕು, ಅವರು ಆಸ್ಪತ್ರೆಯ ಸಂಪರ್ಕದಲ್ಲಿರಬೇಕು ಎಂದು ಅದು ಹೇಳುತ್ತದೆ. ಒಂದೂ ತಪ್ಪು ಮಾತಲ್ಲ. ಆದರೆ ಬರೆದವರ ಕಣ್ಣೆದುರಿಗೆ ಇದ್ದದ್ದು ಯಾರ ಮನೆ?

ರೋಣ ಸೀಮೆಯ ಜಕ್ಕಲಿಯಂಥ ಊರಿಗೆ ಈ ಕಾಗದವನ್ನು ಒಯ್ದು ನೋಡೋಣ. ಕರ್ನಾಟಕ ಏಕೀಕರಣಕ್ಕಾಗಿ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರ ಊರಿದು. ಎರೆಭೂಮಿಯ ಈ ಸೀಮೆಯಲ್ಲಿ ಹಳೆಯ ಮಣ್ಣಿನ ಮಾಳಿಗೆ ಮನೆಗಳ ರಚನೆ ಒಂದೇ ಬಗೆಯದು. ಬಾಗಿಲು ದಾಟಿದೊಡನೆ ಎತ್ತು ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಅದರಾಚೆ ಕತ್ತಲೆಯ ಅಡುಗೆಮನೆ. ಬಿಸಿಲಿಗೆ ತಂಪಾಗಿರಲೆಂದು ಕಟ್ಟಿದ ದಪ್ಪ ಗೋಡೆಗಳಲ್ಲಿ ಕಿಟಕಿ ಅಪರೂಪ, ಬೆಳಕು ಬರುವುದು ಮೇಲಿನ ಬೆಳಕಿಂಡಿಯಿಂದ. ಮನೆಮಂದಿಯೆಲ್ಲ ಪಡಸಾಲೆಯಲ್ಲಿಯೇ ಸಾಲಾಗಿ ಮಲಗುತ್ತಾರೆ. ಆಶಾ ಕಾರ್ಯಕರ್ತೆ ಹೊಸ್ತಿಲಲ್ಲಿ ನಿಂತು, "ಅಜ್ಜಾರ, ಮನ್ಯಾಗ ಬ್ಯಾರೆ ಖೋಲಿ ಐತೇನ್ರಿ?" ಎಂದು ಕೇಳಿದರೆ ಬರುವ ಉತ್ತರವನ್ನು ಊಹಿಸುವುದು ಕಷ್ಟವಲ್ಲ. "ಅಡಿಗಿಮನಿ ಐತಿ ನೋಡವ್ವ!"

ಹಳ್ಳಿಗಳ ಸ್ಥಿತಿ ಬೇರೆ ಎಂಬುದು ಸಚಿವಾಲಯಕ್ಕೆ ಹೊಳೆಯಲೇ ಇಲ್ಲ ಎನ್ನುವಂತಿಲ್ಲ. ಗ್ರಾಮೀಣ ಮತ್ತು ಬುಡಕಟ್ಟು ಪ್ರದೇಶಗಳಿಗಾಗಿ ಅದು ಬೇರೆಯೇ ಒಂದು ಕಾರ್ಯವಿಧಾನ ಹೊರಡಿಸಿತು. ನಮ್ಮ ಅಭಿಪ್ರಾಯದಲ್ಲಿ ಆ ಕಾಲದ ಸರಕಾರಿ ಬರಹಗಳಲ್ಲಿ ಅತ್ಯಂತ ವಿವೇಕದ ಬರಹ ಅದು. ಪಲ್ಸ್ ಆಕ್ಸಿಮೀಟರ್ ಮತ್ತು ಥರ್ಮಾಮೀಟರನ್ನು ಸೋಂಕಿತರ ಮನೆಗೆ ಎರವಲು ಕೊಡಬೇಕು; ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಸ್ವಯಂಸೇವಕರು ಅದನ್ನು ತಲುಪಿಸಬೇಕು; ಒಂದು ಮನೆಯಲ್ಲಿ ಮುಗಿದ ಮೇಲೆ ಶುಚಿಗೊಳಿಸಿ ಇನ್ನೊಂದು ಮನೆಗೆ ಒಯ್ಯಬೇಕು ಎಂದು ಅದರಲ್ಲಿದೆ. ಪಕ್ಕದ ಮನೆಯಿಂದ ಒನಕೆ ತಂದು ಮರಳಿಸುವ ನಮ್ಮ ಹಳ್ಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ಆದರೆ ದಿನಾಂಕ ನೋಡಿ: 2021ರ ಮೇ 16. ಕರ್ನಾಟಕದಲ್ಲಿ ಒಂದೇ ದಿನ ಐವತ್ತು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದ ಮೇ 5 ಕಳೆದು ಆಗಲೇ ಹನ್ನೊಂದು ದಿನಗಳಾಗಿದ್ದವು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಜನ ಸತ್ತದ್ದು ಅದಕ್ಕೂ ಮೊದಲು. ಮೊದಲ ಅಲೆ ಇಳಿದ ಮೇಲೆ ಸಿಕ್ಕ ತಿಂಗಳುಗಟ್ಟಲೆ ಬಿಡುವಿನಲ್ಲಿ ಇದನ್ನು ಬರೆಯಲು ಅಡ್ಡಿಯೇನಿತ್ತು?

ಇನ್ನು ನಮ್ಮ ರಾಜ್ಯ ಸರಕಾರದ ನಡೆ. ಮೇ ತಿಂಗಳ ಉತ್ತರಾರ್ಧದಲ್ಲಿ ಅದು ಹಳ್ಳಿಗಳಲ್ಲಿ ಮನೆ ಆರೈಕೆಯೇ ಬೇಡ, ಸೋಂಕಿತರೆಲ್ಲ ಕೋವಿಡ್ ಆರೈಕೆ ಕೇಂದ್ರಕ್ಕೆ ಬರಬೇಕು ಎಂದು ತೀರ್ಮಾನಿಸಿತು. ಮನೆಯಲ್ಲಿ ಬೇರೆ ಕೋಣೆಯಿಲ್ಲ, ಒಬ್ಬರಿಂದ ಮನೆಗೆಲ್ಲ ಹರಡುತ್ತದೆ ಎಂಬ ಕಾರಣದಲ್ಲಿ ಸತ್ಯಾಂಶವಿದೆ, ಅಲ್ಲಗಳೆಯಲಾಗದು. ಆದರೆ ಮೇ ಕೊನೆ ಎಂದರೆ ರೋಣ ಸೀಮೆಯ ರೈತನಿಗೆ ಏನು? ರೋಹಿಣಿ ಮಳೆಯ ನಿರೀಕ್ಷೆ, ಹೆಸರು ಬಿತ್ತುವ ಸಿದ್ಧತೆ. ಹದ ತಪ್ಪಿದರೆ ಆ ವರ್ಷದ ಬೆಳೆ ಹೋದಂತೆಯೇ. ಹತ್ತು ದಿನ ಕೇಂದ್ರದಲ್ಲಿ ಕೂರಬೇಕೆಂದರೆ ಕೆಮ್ಮು ಬಂದವನು ಮಾಡುವ ಮೊದಲ ಕೆಲಸ ಕೆಮ್ಮನ್ನು ಮುಚ್ಚಿಡುವುದು. ಅದೇ ದಿನಗಳಲ್ಲಿ 'ವೈದ್ಯರ ನಡೆ ಹಳ್ಳಿಯ ಕಡೆ' ಎಂಬ ಕಾರ್ಯಕ್ರಮವೂ ಬಂತು. ವೈದ್ಯರು ಮನೆಬಾಗಿಲಿಗೆ ಬರುತ್ತಾರೆಂಬ ಒಳ್ಳೆಯ ಮಾತನ್ನು, ಬಂದರೆ ಹಿಡಿದೊಯ್ಯುತ್ತಾರೆಂಬ ಭಯ ನುಂಗಿಹಾಕಿದರೆ ತಪ್ಪು ಭಯಪಟ್ಟವನದ್ದು ಮಾತ್ರವೇ?

ಭಯದ ಮಾತು ಬಂದಾಗ ಮತ್ತೊಂದನ್ನು ಹೇಳಲೇಬೇಕು. 2020ರ ಏಪ್ರಿಲ್‌ನಲ್ಲಿ ಕೆಲವು ಟಿವಿ ವಾಹಿನಿಗಳು ದೆಹಲಿಯ ತಬ್ಲೀಗ್ ಸಭೆಯನ್ನು ಹಿಡಿದು ಒಂದು ರೋಗಕ್ಕೆ ಧರ್ಮ ಅಂಟಿಸಿದವು. 2021ರ ಮೇ 4ರಂದು ಬೆಂಗಳೂರಿನ ವಾರ್ ರೂಮ್ ಒಂದರಲ್ಲಿ ಸಂಸದರೊಬ್ಬರು ನೂರಾರು ನೌಕರರ ನಡುವಿನಿಂದ ಮುಸ್ಲಿಮರ ಹೆಸರುಗಳನ್ನಷ್ಟೇ ಆರಿಸಿ ಓದಿದರು. ಮನೆಯಲ್ಲಿರುವ ರೋಗಿಗೆ ಫೋನು ಮಾಡಿ ವಿಚಾರಿಸಬೇಕಾದ, ಹಾಸಿಗೆ ಹೊಂದಿಸಬೇಕಾದ ಜಾಗ ಅದು. ಜ್ವರ ಬಂದರೆ ಊರಿಗೆಲ್ಲ ಅಂಟಿಸಿದವನೆಂಬ ಹೆಸರೂ ಬರುವುದಾದರೆ ನಮ್ಮ ಮೊಹಲ್ಲಾದ ಮನುಷ್ಯ ಜ್ವರ ಚಿಕಿತ್ಸಾಲಯದ ಮೆಟ್ಟಿಲು ಹತ್ತುತ್ತಾನೆಯೇ? ಪರೀಕ್ಷೆಗೆ ಬಂದವರನ್ನು ನಮ್ಮವರಲ್ಲೂ ಕೆಲವರು ಓಡಿಸಿದರು, ಬೈದರು. ಅದಕ್ಕೂ ಸಮರ್ಥನೆಯಿಲ್ಲ. ಆ ಬೈಗುಳ ತಿಂದವರು ಹೆಚ್ಚಾಗಿ ಆಶಾ ಕಾರ್ಯಕರ್ತೆಯರು. ತಿಂಗಳಿಗೆ ಹನ್ನೆರಡು ಸಾವಿರ ರೂಪಾಯಿ ನಿಶ್ಚಿತ ಗೌರವಧನ ಕೊಡಿ ಎಂದು 2020ರ ಜುಲೈನಲ್ಲಿ ರಾಜ್ಯಾದ್ಯಂತ ಕೆಲಸ ನಿಲ್ಲಿಸಿದವರೂ ಇವರೇ. ಸಾವಿರ ಜನಕ್ಕೊಬ್ಬರು ಎಂಬ ಲೆಕ್ಕದಲ್ಲಿ ಇರುವ ಈ ಹೆಣ್ಣುಮಕ್ಕಳನ್ನು ತೆಗೆದರೆ ಮೇಲಿನ ಎರಡೂ ಕಾಗದಗಳು ಬರಿಯ ಕಾಗದಗಳೇ.

ಔಷಧದ ಚೀಲದಲ್ಲಿ ಏನಿತ್ತು? ಮೇ 16ರ ಕಾಗದ ಹೇಳುವ ಕಿಟ್‌ನಲ್ಲಿ ಪ್ಯಾರಸಿಟಮಾಲ್, ಕೆಮ್ಮಿನ ಔಷಧ, ವಿಟಮಿನ್ ಮಾತ್ರೆಗಳ ಜೊತೆಗೆ ಐವರ್‌ಮೆಕ್ಟಿನ್ ಕೂಡ ಇದೆ. ಅದನ್ನು ಸಂಶೋಧನಾ ಪ್ರಯೋಗಗಳಲ್ಲಲ್ಲದೆ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ಮಾರ್ಚ್ 31ರಂದು ಹೇಳಿಯಾಗಿತ್ತು. ನಮ್ಮ ಮಾರ್ಗಸೂಚಿಯಿಂದ ಅದು ಹೊರಬಿದ್ದದ್ದು ಸೆಪ್ಟೆಂಬರ್‌ನಲ್ಲಿ. ಇದಾದರೂ ಹೆಚ್ಚಿನವರಿಗೆ ಕೆಡುಕು ಮಾಡದ ಮಾತ್ರೆ. ನಿಜವಾದ ಅಪಾಯವಿದ್ದದ್ದು ಸ್ಟಿರಾಯ್ಡ್‌ನಲ್ಲಿ. ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆಂದು ಬ್ರಿಟನ್ನಿನ ರಿಕವರಿ ಪ್ರಯೋಗ 2020ರ ಜೂನ್‌ನಲ್ಲಿ ತೋರಿಸಿತು, ಆದರೆ ಆಮ್ಲಜನಕ ಬೇಕಾದವರಲ್ಲಿ ಮಾತ್ರ. ಉಳಿದವರಿಗೆ ಪ್ರಯೋಜನ ಕಾಣಲಿಲ್ಲ. ಹಳ್ಳಿಯಲ್ಲಿ ಈ ಸಂಗತಿಯ ಮುಂದಿನ ಅರ್ಧ ತಲುಪಿತು, ಹಿಂದಿನ ಅರ್ಧ ಉಳಿದುಹೋಯಿತು. ಜ್ವರ ಬಂದ ಎರಡನೇ ದಿನವೇ ಒಂದು 'ಸೂಜಿ', ಒಂದು ಬಾಟಲಿ ಸಲೈನ್. ಸಕ್ಕರೆ ಕಾಯಿಲೆಯಿದ್ದವರಿಗೆ ಇದರ ಬೆಲೆ ಕಪ್ಪು ಶಿಲೀಂಧ್ರವಾಗಿ ಬಂದದ್ದನ್ನು ರಾಜ್ಯ ಕಂಡಿತು. ಸೂಜಿ ಚುಚ್ಚಿದವನನ್ನು ನಕಲಿ ವೈದ್ಯನೆಂದು ಜರೆಯುವುದು ಸುಲಭ. ರಾತ್ರಿ ಹತ್ತಕ್ಕೆ ಬಾಗಿಲು ತೆರೆಯುವವನು ಊರಲ್ಲಿ ಅವನೊಬ್ಬನೇ ಎಂಬುದನ್ನೂ ಹೇಳಬೇಕಲ್ಲ. ಮೂವತ್ತು ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಮ್ಮ ಮಾನದಂಡ, ಅದೂ ಹಗಲಿನದು.

ಹಾಗಾದರೆ ಮನೆಯಲ್ಲಿ ಬೇಕಿದ್ದುದೇನು? ಬಹಳವಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್, ಕುಡಿಯಲು ನೀರು ಗಂಜಿ, ದಿನಕ್ಕೆ ನಾಲ್ಕಾರು ಸಲ ಬೆರಳಿಗೆ ಯಂತ್ರ. ಅಂಕಿ 94ರ ಕೆಳಗಿಳಿದರೆ, ಉಸಿರು ಎಳೆದರೆ, ಮಂಪರು ಕವಿದರೆ ಆಸ್ಪತ್ರೆಗೆ. ಕಪ್ಪು ಮೈಬಣ್ಣದವರಲ್ಲಿ ಈ ಯಂತ್ರ ಇರುವುದಕ್ಕಿಂತ ಹೆಚ್ಚು ಅಂಕಿ ತೋರಿಸಬಹುದೆಂದು ಅಮೆರಿಕದ ವೈದ್ಯರು 2020ರ ಡಿಸೆಂಬರ್‌ನಲ್ಲಿಯೇ ಬರೆದಿದ್ದರು. ಬಿಸಿಲಲ್ಲಿ ದುಡಿಯುವ ಎರೆಸೀಮೆಯ ಮೈಗಳಿಗೆ ಇದು ಸಣ್ಣ ಸಂಗತಿಯಲ್ಲ. ಆದ್ದರಿಂದಲೇ ಆರು ನಿಮಿಷ ನಡೆಸಿ ಮತ್ತೆ ಅಳೆಯುವ ಪರೀಕ್ಷೆ ಮುಖ್ಯವಾಗಿತ್ತು. ನಿಂತಾಗ ಸರಿಯಿದ್ದ ಅಂಕಿ ನಡೆದಾಗ ಬೀಳುತ್ತದೆ. ಪಡಸಾಲೆಯಿಂದ ಬಾವಿಕಟ್ಟೆಗೆ ನಾಲ್ಕು ಸಲ ಹೋಗಿ ಬಂದರೆ ಸಾಕು. ಇದಕ್ಕೆ ಪ್ರತ್ಯೇಕ ಕೋಣೆ ಬೇಕಿರಲಿಲ್ಲ. ಬೇಕಿದ್ದದ್ದು ಅಂಕಿ ಓದಬಲ್ಲ ಒಬ್ಬ ಮೊಮ್ಮಗಳು, ಅವಳು ಫೋನು ಮಾಡಿದರೆ ಎತ್ತುವ ಒಬ್ಬ ವೈದ್ಯರು, ಅಂಕಿ ಬಿದ್ದರೆ ಗದುಗಿಗೆ ಒಯ್ಯುವ ಒಂದು ಗಾಡಿ.

ಮಲಗಲು ಬೇರೆ ಜಾಗ ಬೇಕೇ ಬೇಕು ಎನ್ನುವವರಿಗೆ ಊರಿನ ಶಾಲೆಯಿತ್ತು, ಸಮುದಾಯ ಭವನವಿತ್ತು, ಮಸೀದಿ ಮಠಗಳ ಅಂಗಳವಿತ್ತು. ಊರೊಳಗೇ ಇದ್ದು, ಮನೆಯ ರೊಟ್ಟಿ ಬಂದು, ಮಗ ಹೊಲಕ್ಕೆ ಹೋಗುವಾಗ ದೂರದಿಂದ ಮಾತಾಡಿಸಿ ಹೋಗುವಂತಿದ್ದರೆ ಎಷ್ಟು ಜನ ಕೆಮ್ಮು ಮುಚ್ಚಿಡುತ್ತಿದ್ದರು?

ಇದು ಮುಗಿದುಹೋದ ಕಥೆಯೇನಲ್ಲ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ವೃದ್ಧರೊಬ್ಬರು ಎಚ್3ಎನ್2 ಜ್ವರದಿಂದ ತೀರಿಕೊಂಡರು. ಆ ಬಗೆಯ ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಮಾತ್ರೆಯಿದೆ. ಅದು ಚೆನ್ನಾಗಿ ಕೆಲಸ ಮಾಡಬೇಕಾದರೆ ಲಕ್ಷಣ ಕಂಡ ನಲವತ್ತೆಂಟು ಗಂಟೆಯೊಳಗೆ ಶುರುವಾಗಬೇಕು. ನಮ್ಮ ಹಳ್ಳಿಗಳಲ್ಲಿ ಮೊದಲ ದಿನ ಕಷಾಯದಲ್ಲಿ ಹೋಗುತ್ತದೆ, ಎರಡನೆಯ ದಿನ ಸೂಜಿಯಲ್ಲಿ, ಮೂರನೆಯ ದಿನ ಬಸ್ಸಿಗೆ ಕಾಯುವುದರಲ್ಲಿ. ಅಂದು ಹಂಚಿದ ಆಕ್ಸಿಮೀಟರ್‌ಗಳು ಈಗ ಯಾವ ಕಪಾಟಿನಲ್ಲಿವೆ, ಅವುಗಳಲ್ಲಿ ಸೆಲ್ ಇದೆಯೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು.