ಕಂಬಳಿಯ ಕಾವು: ಮಕ್ಕಳ ಶಾಖಪಾಠದ ಭಾಷೆಯನ್ನು ಕುರಿತು ಒಂದು ವಿಮರ್ಶೆ

ಮಕ್ಕಳಿಗಾಗಿ ಬರೆದ ವಿಜ್ಞಾನಗ್ರಂಥಗಳನ್ನು ಸಾಹಿತ್ಯದೃಷ್ಟಿಯಿಂದ ಪರಿಶೀಲಿಸುವ ವಾಡಿಕೆಯು ಕನ್ನಡದಲ್ಲಿ ಅಷ್ಟಾಗಿ ಬೆಳೆದಿಲ್ಲ. ವಿಷಯವು ಸರಿಯಾಗಿದೆಯೇ ಎಂಬುದನ್ನು ವಿಜ್ಞಾನದ ಅಧ್ಯಾಪಕರು ನೋಡುವರು. ಕಾಗುಣಿತವು ಸರಿಯಾಗಿದೆಯೇ ಎಂಬುದನ್ನು ಭಾಷೆಯ ಅಧ್ಯಾಪಕರು ನೋಡುವರು. ಇವೆರಡರ ನಡುವೆ, ಒಂದು ವಾಕ್ಯವು ಓದುವ ಮಗುವಿನ ಮನಸ್ಸಿನಲ್ಲಿ ಏನನ್ನು ಹುಟ್ಟಿಸುತ್ತದೆ ಎಂಬ ಪ್ರಶ್ನೆಯು ಯಾರ ಪಾಲಿಗೂ ಬಾರದೆ ಉಳಿದುಹೋಗುವುದು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ, 1936ರಲ್ಲಿ ಶಿವರಾಮ ಕಾರಂತರ ‘ಬಾಲಪ್ರಪಂಚ’ವು ಬಂದು, ಮುಂದೆ ‘ಜ್ಞಾನಗಂಗೋತ್ರಿ’ಯ ಸಂಪುಟಗಳೂ ‘ಬಾಲವಿಜ್ಞಾನ’ ಪತ್ರಿಕೆಯೂ ಬೆಳಕು ಕಂಡುದರಿಂದ, ಕನ್ನಡ ಗದ್ಯಕ್ಕೆ ಈ ಕಾರ್ಯವು ಅಸಾಧ್ಯವೆನ್ನುವ ಮಾತು ಈಗ ನಿಲ್ಲಲಾರದು. ನಿಲ್ಲುವ ಮಾತು ಬೇರೆಯದು. ಭಾಷೆಯು ಸಮರ್ಥವಾಗಿದ್ದರೂ ಪಾಠವು ಅದನ್ನು ಬಳಸಿಕೊಳ್ಳುತ್ತಿದೆಯೇ? ಈ ಪ್ರಶ್ನೆಯನ್ನು ಒರೆಗೆ ಹಚ್ಚುವುದಕ್ಕೆ ಶಾಖ, ತಾಪ, ಕಂಬಳಿ, ಮಂಜುಗಡ್ಡೆ ಇವುಗಳ ಪಾಠಕ್ಕಿಂತ ಉತ್ತಮವಾದ ಸ್ಥಳವು ದೊರೆಯುವುದು ಕಷ್ಟ. ಏಕೆಂದರೆ ಇಲ್ಲಿ ಮಗುವು ಬರಿಗೈಯಲ್ಲಿ ಬರುವುದಿಲ್ಲ. ಹೊದೆದ ಅನುಭವವನ್ನೂ ಅದಕ್ಕೆ ಮನೆಯವರು ಕಲಿಸಿದ ಮಾತನ್ನೂ ಕಟ್ಟಿಕೊಂಡೇ ಬರುತ್ತದೆ.

ಈ ವಿಷಯದಲ್ಲಿ ಬಹಳ ಓದಲ್ಪಟ್ಟಿರುವ ಒಂದು ಬರಹವು ಅಮೆರಿಕದ ‘ಫೈ ಡೆಲ್ಟಾ ಕಪ್ಪನ್’ ಎಂಬ ಶಿಕ್ಷಣಪತ್ರಿಕೆಯಲ್ಲಿ 1990ರಲ್ಲಿ ಪ್ರಕಟವಾಯಿತು. ಬರೆದವರು ಬ್ರೂಸ್ ವಾಟ್ಸನ್ ಮತ್ತು ರಿಚರ್ಡ್ ಕೊನಿಸೆಕ್. ಮ್ಯಾಸಚೂಸೆಟ್ಸ್ ಪ್ರಾಂತದ ಒಂದು ನಾಲ್ಕನೆಯ ತರಗತಿಯಲ್ಲಿ ನಡೆದ ಶಾಖಪಾಠದ ಕಥನವದು. ಅಧ್ಯಾಪಕಿಯು ಮಕ್ಕಳನ್ನು ಬಿಸಿಯಾದ ವಸ್ತುಗಳಾವುವೆಂದು ಕೇಳುತ್ತಾಳೆ. ಸೂರ್ಯ, ಒಲೆ, ಮೈ ಎಂಬವುಗಳ ಸಾಲಿನಲ್ಲಿಯೇ ಉಣ್ಣೆಯ ಅಂಗಿ, ಟೋಪಿ, ಜಮಖಾನೆಗಳೂ ಬಂದು ಕೂಡುತ್ತವೆ. ಹುಟ್ಟಿದಂದಿನಿಂದ ಚಳಿಗಾಲವನ್ನು ಕಂಡ ಮಕ್ಕಳಿಗೆ ಅದರಲ್ಲಿ ಸಂದೇಹವೇ ಇಲ್ಲ. ಆಗ ಆಕೆಯು ತಿದ್ದುವುದಕ್ಕೆ ಹೋಗದೆ ತಾಪಮಾಪಕಗಳನ್ನು ಅವರ ಕೈಗೆ ಕೊಡುತ್ತಾಳೆ. ಮಕ್ಕಳು ಅವುಗಳನ್ನು ಅಂಗಿಯಲ್ಲಿಯೂ ಟೋಪಿಯಲ್ಲಿಯೂ ಸುತ್ತಿಟ್ಟು, ಪಾದರಸವು ಎಷ್ಟಕ್ಕೆ ಏರುವುದೆಂದು ಮೊದಲೇ ಬರೆದಿಟ್ಟುಕೊಂಡು ಕಾಯುತ್ತಾರೆ. ಕಾಲುಗಂಟೆ ಕಳೆದ ಮೇಲೆ ನೋಡಿದರೆ ಕೋಣೆಯ ತಾಪವೇ ಅಂಗಿಯ ತಾಪ.

ಸಾಧಾರಣವಾದ ಪಾಠಪುಸ್ತಕವಾಗಿದ್ದರೆ ಕಥೆಯು ಇಲ್ಲಿಗೆ ಮುಗಿಯುತ್ತಿತ್ತು: ಪ್ರಯೋಗ ಮಾಡಿದರು, ಸತ್ಯವು ತಿಳಿಯಿತು. ಈ ಬರಹದ ಬೆಲೆಯೆಲ್ಲ ಅದು ಇಲ್ಲಿ ಮುಗಿಯದೆ ಇರುವುದರಲ್ಲಿದೆ. ಮಕ್ಕಳು ತಮ್ಮ ನಂಬಿಕೆಯನ್ನು ಬಿಡುವುದಿಲ್ಲ, ಪ್ರಯೋಗವನ್ನೇ ಶಂಕಿಸುತ್ತಾರೆ. ಹೊತ್ತು ಸಾಲದೆಂದು ಒಬ್ಬರು. ಎಲ್ಲಿಂದಲೋ ತಣ್ಣನೆಯ ಗಾಳಿಯು ನುಗ್ಗಿತೆಂದು ಇನ್ನೊಬ್ಬರು. ಚೀಲದಲ್ಲಿ ಕಟ್ಟಿ, ರಾತ್ರಿಯೆಲ್ಲ ಇಟ್ಟು, ಮತ್ತೆ ನೋಡುತ್ತಾರೆ, ಮತ್ತೆ ನಿರಾಶೆ. ದಿನಗಳು ಕಳೆದ ಮೇಲೆ ಅಧ್ಯಾಪಕಿಯು ಎರಡು ಮತಗಳನ್ನೂ ಎದುರಿಗಿಟ್ಟು, ತಮಗೆ ಸರಿಕಂಡುದರ ಕಡೆಗೆ ನಿಲ್ಲುವಂತೆ ಹೇಳುತ್ತಾಳೆ. ಆಗಲೂ ಎಲ್ಲರೂ ಒಂದೇ ಕಡೆಗೆ ಬಂದು ನಿಲ್ಲುವುದಿಲ್ಲ. ಮಕ್ಕಳ ಈ ಹಟವನ್ನು ಲೇಖಕರು ಹಾಸ್ಯಕ್ಕೆ ಗುರಿಮಾಡದೆ, ವಿದ್ವಾಂಸರೂ ತಮ್ಮ ಸಿದ್ಧಾಂತಗಳನ್ನು ಹೀಗೆಯೇ ಕಾಪಾಡಿಕೊಳ್ಳುವರೆಂಬ ಧ್ವನಿಯನ್ನು ಮರೆಯಲ್ಲಿಟ್ಟು ನಡೆದಿದ್ದಾರೆ. ಇದು ಕಥನಕಲೆಯ ಗುಣವಲ್ಲದೆ ಬೇರೆಯಲ್ಲ.

ಆದರೂ ಈ ಪಾಠದ ಮುಖ್ಯ ಪ್ರಯೋಗದಲ್ಲಿಯೇ ಒಂದು ಕೊರತೆಯಿದೆ. ತಣ್ಣಗಿರುವ ತಾಪಮಾಪಕವನ್ನು ಉಣ್ಣೆಯಲ್ಲಿ ಸುತ್ತಿದರೆ ಉಣ್ಣೆಯು ಏನನ್ನು ಮಾಡುವುದಿಲ್ಲವೆಂಬುದು ತಿಳಿದೀತೇ ಹೊರತು, ಏನನ್ನು ಮಾಡುವುದೆಂಬುದು ತಿಳಿಯಲಾರದು. ಮಗುವಿನ ಕೈಯಿಂದ ಒಂದು ವಿವರಣೆಯನ್ನು ಕಿತ್ತುಕೊಂಡು, ಬದಲಿಗೆ ಏನನ್ನೂ ಕೊಡದಂತಾಯಿತು. ಹಟಕ್ಕೆ ಇದೂ ಒಂದು ಕಾರಣವಿದ್ದೀತು. ಈ ಪ್ರಶ್ನೆಯನ್ನು ಸರಿಯಾಗಿ ಕೇಳಿದವನು ಅದೇ ಮ್ಯಾಸಚೂಸೆಟ್ಸಿನ ವೂಬರ್ನ್ ಎಂಬಲ್ಲಿ 1753ರಲ್ಲಿ ಹುಟ್ಟಿದ ಬೆಂಜಮಿನ್ ಥಾಮ್ಸನ್. ಮುಂದೆ ಕೌಂಟ್ ರಮ್‌ಫೋರ್ಡ್ ಎಂದು ಖ್ಯಾತನಾದವನು. ಬಟ್ಟೆಬರೆಗಳ ಶಾಖಗುಣವನ್ನು ಕುರಿತ ಅವನ ಪ್ರಬಂಧವು 1792ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ತಾಪಮಾಪಕದ ಬುರುಡೆಯ ಸುತ್ತ ಗಾಜಿನ ಗೋಳವೊಂದನ್ನು ಜೋಡಿಸಿ, ನಡುವಣ ತೆರಪಿನಲ್ಲಿ ಒಂದು ಸಲ ಕುರಿಯ ಉಣ್ಣೆ, ಒಂದು ಸಲ ಹತ್ತಿ, ಒಂದು ಸಲ ರೇಷ್ಮೆ, ಮೊಲದ ತುಪ್ಪುಳು, ಹಕ್ಕಿಯ ಮೆದುಗರಿ ಹೀಗೆ ತುಂಬಿ, ಕುದಿಯುವ ನೀರಿನಲ್ಲಿ ಕಾಯಿಸಿ, ಮಂಜಿನ ನೀರಿನಲ್ಲಿಟ್ಟು, ಆರುವುದಕ್ಕೆ ಹಿಡಿಯುವ ಹೊತ್ತನ್ನು ಅವನು ಎಣಿಸಿದನು. ಮೊಲದ ತುಪ್ಪುಳೂ ಮೆದುಗರಿಯೂ ಎಲ್ಲಕ್ಕಿಂತ ಹೆಚ್ಚು ಕಾಲ ಬಿಸಿಯನ್ನು ಹಿಡಿದುವು. ಬರಿಯ ಗಾಳಿ ತುಂಬಿದ್ದಾಗ ಆದುದಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಕಾಲ. ಎಳೆಗಳ ನಡುವೆ ಕದಲದಂತೆ ಸಿಕ್ಕಿಕೊಂಡಿರುವ ಗಾಳಿಯೇ ಕಾಪಿನ ಮುಖ್ಯ ಕಾರಣವೆಂಬ ತೀರ್ಮಾನಕ್ಕೆ ಅವನು ಬಂದನು. ಇಲ್ಲಿ ಮೊದಲು ಕಾದ ವಸ್ತುವೊಂದಿದೆ, ಆಮೇಲೆ ಹೊದಿಕೆಯಿದೆ, ಕೊನೆಗೆ ಹೊತ್ತಿನ ಎಣಿಕೆಯಿದೆ. ಪಾಠವಾಗಿ ಇದು ಮೇಲು.

ಒಂದು ಪ್ರಾಸಂಗಿಕ ವಿಷಯ. ಅದೇ ಪ್ರಾಂತದ ಬೋಸ್ಟನ್ ರೇವಿನಿಂದ 1833ರಲ್ಲಿ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ನು ಮಂಜುಗಡ್ಡೆಯನ್ನು ಹೇರಿಕೊಂಡು ನಾಲ್ಕು ತಿಂಗಳು ಸಮುದ್ರದಲ್ಲಿ ನಡೆದು ಕಲ್ಕತ್ತೆಯನ್ನು ಸೇರಿತು. ಅರ್ಧಕ್ಕಿಂತ ಹೆಚ್ಚು ಮಂಜು ಕರಗದೆ ಉಳಿದಿತ್ತು. ಮರದ ಹೊಟ್ಟಿನಂತಹ ಹೊದಿಕೆಯನ್ನು ಕಂಡು, ಹೊದಿಕೆಯಿಂದ ಮಂಜು ಬಿಸಿಯಾಗುವುದೆಂದು ಆ ವ್ಯಾಪಾರಿಗಳಾರೂ ಹೆದರಲಿಲ್ಲ. ಇಂದಿಗೂ ಮೀನುಪೇಟೆಗಳಲ್ಲಿ ಗೋಣಿತಟ್ಟನ್ನು ಹೊದಿಸಿದ ಮಂಜುಗಡ್ಡೆಯನ್ನು ಯಾವ ಮಗುವಾದರೂ ನೋಡಬಹುದು. ಕಂಬಳಿಯ ಪಾಠವನ್ನು ಮಂಜುಗಡ್ಡೆಯಿಂದಲೇ ಪ್ರಾರಂಭಿಸತಕ್ಕದ್ದೆಂದು ಹೇಳುವುದಕ್ಕೆ ಇದಕ್ಕಿಂತ ಹೆಚ್ಚಿನ ಆಧಾರವು ಬೇಕಾಗಿಲ್ಲ.

ಇನ್ನು ಭಾಷೆಯ ವಿಚಾರ. ಮ್ಯಾಸಚೂಸೆಟ್ಸಿನ ಮಕ್ಕಳನ್ನು ತಪ್ಪು ದಾರಿಗೆ ಎಳೆದುದು ಅನುಭವವೊಂದೇ ಅಲ್ಲ. ‘ಬೆಚ್ಚನೆಯ ಬಟ್ಟೆ’ ಎಂಬರ್ಥದ ಅವರ ಮನೆಮಾತೂ ಹೌದು. ಕನ್ನಡದಲ್ಲಿಯೂ ‘ಬೆಚ್ಚನೆಯ ಕಂಬಳಿ’ ಎಂಬ ಪ್ರಯೋಗವು ಬಳಕೆಯಲ್ಲಿದೆ. ಬೆಚ್ಚಗೆ ಇರುವುದು ಕಂಬಳಿಯೋ, ಹೊದೆದವನೋ, ಅದು ಹೇಳುವುದಿಲ್ಲ. ಆದರೆ ಕನ್ನಡಕ್ಕೆ ಒಂದು ಅನುಕೂಲವಿದೆ. ‘ಕಂಬಳಿಯು ಮೈಯನ್ನು ಬೆಚ್ಚಗೆ ಮಾಡುತ್ತದೆ’ ಎಂಬುದಕ್ಕೂ ‘ಬೆಚ್ಚಗಿಡುತ್ತದೆ’ ಎಂಬುದಕ್ಕೂ ಇರುವ ಭೇದವನ್ನು ಏಳು ವರ್ಷದ ಮಗುವೂ ಬಲ್ಲದು. ಇಡುವವನು ಇದ್ದುದನ್ನೇ ಇಡುತ್ತಾನೆ. ಶಾಖನಿರೋಧದ ಸಿದ್ಧಾಂತವೆಲ್ಲ ಈ ‘ಇಡು’ ಎಂಬ ಎರಡಕ್ಷರದಲ್ಲಿ ಅಡಗಿದೆಯೆಂದರೂ ಸಲ್ಲುವುದು. ‘ಕಾಯ್’ ಎಂಬ ಮಾತನ್ನೂ ಇಲ್ಲಿ ನೆನೆಯಬಹುದು. ನೀರು ಒಲೆಯ ಮೇಲೆ ಕಾಯುತ್ತದೆ. ರೈತನು ಹೊಲವನ್ನು ಕಾಯುತ್ತಾನೆ. ನಿಘಂಟುಕಾರರು ಇವನ್ನು ಬೇರೆ ಬೇರೆ ಧಾತುಗಳೆಂದು ಎಣಿಸುವುದು ಯುಕ್ತವೇ. ಆದರೆ ಪಾಠ ಹೇಳುವವನಿಗೆ ಈ ಸಮಾನರೂಪವು ಒದಗಿಬಂದ ಭಾಗ್ಯ. ಒಲೆಯು ಕಾಯುವುದು ಮೊದಲನೆಯ ಅರ್ಥದಲ್ಲಿ, ಕಂಬಳಿಯು ಕಾಯುವುದು ಎರಡನೆಯ ಅರ್ಥದಲ್ಲಿ. ಮೊಟ್ಟೆಗೆ ಕಾವು ಕೊಡುವ ಕೋಳಿಯೊಂದೇ ಎರಡನ್ನೂ ಮಾಡುತ್ತದೆ: ಮೈಯಿಂದ ಕಾಯಿಸುತ್ತದೆ, ಗರಿಯಿಂದ ಕಾಯುತ್ತದೆ.

ಪಾರಿಭಾಷಿಕ ಪದಗಳಿಗೆ ಬಂದರೆ ಸ್ಥಿತಿಯು ಇಷ್ಟು ಸುಖಕರವಾಗಿಲ್ಲ. ಶಾಖದ ಮೊತ್ತವು ಬೇರೆ, ತಾಪದ ಮಟ್ಟವು ಬೇರೆ ಎಂಬುದನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ಪಂಡಿತನು 1760ರ ಆಚೀಚಿನ ವರ್ಷಗಳಲ್ಲಿ ತನ್ನ ಶಿಷ್ಯರಿಗೆ ವಿಶದಪಡಿಸಿದನು. ಬಚ್ಚಲ ಹಂಡೆಯಲ್ಲಿ 40 ಲೀಟರು ನೀರು 60 ಡಿಗ್ರಿಗೆ ಕಾದಿದೆ. ಅದರಿಂದ ಒಂದು ಲೀಟರು ಹಿಡಿಯುವ ಚೊಂಬನ್ನು ತುಂಬಿಕೊಂಡರೆ ಚೊಂಬಿನ ನೀರಿನ ತಾಪವೂ 60 ಡಿಗ್ರಿಯೇ. ಆದರೆ ಎರಡೂ 30 ಡಿಗ್ರಿಗೆ ಆರುವಷ್ಟರಲ್ಲಿ ಚೊಂಬು ಬಿಟ್ಟುಕೊಡುವ ಶಾಖವು 30 ಕಿಲೋಕ್ಯಾಲೊರಿಯಷ್ಟು. ಹಂಡೆಯಲ್ಲಿ ಉಳಿದ 39 ಲೀಟರು ಬಿಟ್ಟುಕೊಡುವುದು 1170. ಇಷ್ಟು ಸ್ಪಷ್ಟವಾದ ಭೇದಕ್ಕೆ ಕನ್ನಡದ ಪುಸ್ತಕಗಳಲ್ಲಿ ‘ಉಷ್ಣ’ ಮತ್ತು ‘ಉಷ್ಣತೆ’ ಎಂಬ ಜೋಡಿಯನ್ನು ಬಳಸುವುದುಂಟು. ಒಂದು ‘ತೆ’ಕಾರದ ಮೇಲೆ ಇಷ್ಟು ಭಾರವನ್ನು ಹೊರಿಸುವುದು ನ್ಯಾಯವಲ್ಲ. ಮೇಲಾಗಿ ‘ಉಷ್ಣ’ವೆಂದರೆ ಮಗುವಿಗೆ ಮೊದಲು ನೆನಪಾಗುವುದು ಪಪ್ಪಾಯಿ, ಸೌತೆಕಾಯಿಯು ತಂಪು, ಪಪ್ಪಾಯಿಯು ಉಷ್ಣ ಎಂದು ಅಜ್ಜಿಯು ಹೇಳಿರುವುದಕ್ಕೂ ತಾಪಮಾಪಕಕ್ಕೂ ಸಂಬಂಧವಿಲ್ಲ. ವೃತ್ತಪತ್ರಿಕೆಗಳು ಬಳಸುವ ‘ಉಷ್ಣಾಂಶ’ವಂತೂ ಇನ್ನೂ ತೊಡಕಿನದು. ಅಂಶವೆಂದರೆ ಭಾಗ, ತಾಪವು ಶಾಖದ ಒಂದು ಭಾಗವೆಂಬ ಭ್ರಾಂತಿಗೆ ಅದು ಬಾಗಿಲು ತೆರೆಯುತ್ತದೆ. ಬ್ಲ್ಯಾಕನು ಕಷ್ಟಪಟ್ಟು ಬಿಡಿಸಿದ ಗಂಟನ್ನು ಈ ಪದವು ಮತ್ತೆ ಹಾಕುವುದೆಂದು ಹೇಳಿದರೆ ಅತ್ಯುಕ್ತಿಯಾಗಲಾರದು. ಹವೆಯ ವರದಿಯಲ್ಲಿ ರೂಢಿಯು ಅದನ್ನು ಉಳಿಸಿಕೊಂಡರೆ ಉಳಿಸಿಕೊಳ್ಳಲಿ. ಮಕ್ಕಳ ಪಾಠದಲ್ಲಿ ಅದಕ್ಕೆ ಸ್ಥಾನವಿರಬಾರದು.

‘ಶಾಖ’ವೆಂಬ ಪದದ ಪಕ್ಷದಲ್ಲಿ ಹೇಳಬಹುದಾದುದು ಬಹಳವಿದೆ. ಊದಿದ ಕಾಲಿಗೆ ಬಿಸಿಬಟ್ಟೆಯಿಂದ ಶಾಖ ಕೊಡುವುದನ್ನು ಎಲ್ಲರೂ ಬಲ್ಲರು. ಅಲ್ಲಿ ಕೊಡುವುದೊಂದು, ಪಡೆಯುವುದೊಂದು. ಹೆಚ್ಚು ಕಾದುದರಿಂದ ಕಡಮೆ ಕಾದುದಕ್ಕೆ ಸಾಗುವುದೇ ಶಾಖವೆಂಬ ಭೌತಶಾಸ್ತ್ರದ ಅರ್ಥವು ಆ ಮನೆಮದ್ದಿನ ಮಾತಿನಲ್ಲಿಯೇ ಸಿದ್ಧವಾಗಿದೆ. ‘ತಾಪ’ಕ್ಕೆ ಕಾವ್ಯಗಳಲ್ಲಿ ವಿರಹದ ವಾಸನೆಯು ಅಂಟಿಕೊಂಡಿದ್ದರೂ ‘ಮಾನ’ವು ಸೇರಿದ ಕೂಡಲೆ ಅದು ಅಳತೆಯ ಮಾತಾಗುತ್ತದೆ. ಶಾಖ, ತಾಪಮಾನ ಎಂಬ ಜೋಡಿಯನ್ನು ಕಿವಿಯು ಬೆರಸಿಕೊಳ್ಳುವ ಭಯವಿಲ್ಲ.

‘ಅವಾಹಕ’ವೆಂಬ ಪದದಲ್ಲಿಯೂ ದೋಷವಿದೆ. ಉಣ್ಣೆಯು ಶಾಖವನ್ನು ಒಯ್ಯುವುದೇ ಇಲ್ಲವೆಂದು ಅದು ಹೇಳುತ್ತದೆ; ಆದರೆ ಕಂಬಳಿಯಲ್ಲಿ ಸುತ್ತಿದ ಹಾಲು ಕೊನೆಗೆ ಆರಿಯೇ ಆರುವುದು. ಕದಲದ ಗಾಳಿಯು ಕಬ್ಬಿಣದ ಮೂರು ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ಶಾಖವನ್ನು ಸಾಗಿಸಬಲ್ಲುದು, ಅಲ್ಪವಾದರೂ ಸಾಗಿಸುತ್ತದೆ. ‘ಮಂದವಾಹಕ’ವೆಂದರೆ ಸತ್ಯವೂ ಆಯಿತು, ಹೊತ್ತನ್ನು ಎಣಿಸಬೇಕೆಂಬ ಸೂಚನೆಯೂ ಆಯಿತು.

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನ ಮತ್ತು ತರಬೇತಿ ಪರಿಷತ್ತು ಏಳನೆಯ ತರಗತಿಗಾಗಿ 2007ರಲ್ಲಿ ಹೊರಡಿಸಿದ ವಿಜ್ಞಾನಪುಸ್ತಕದ ಶಾಖಾಧ್ಯಾಯವನ್ನು ಈ ಹಿನ್ನೆಲೆಯಲ್ಲಿ ನೋಡತಕ್ಕದ್ದು. ಅದರ ಗುಣಗಳು ಅಲ್ಪವಲ್ಲ. ಒಂದು ಕೈಯನ್ನು ಬಿಸಿನೀರಿನಲ್ಲಿಯೂ ಇನ್ನೊಂದನ್ನು ತಣ್ಣೀರಿನಲ್ಲಿಯೂ ಇಟ್ಟಿದ್ದು, ಆಮೇಲೆ ಎರಡನ್ನೂ ಮೂರನೆಯ ಪಾತ್ರೆಯಲ್ಲಿ ಅದ್ದುವ ಪ್ರಯೋಗವನ್ನು ಅದು ಮೊದಲಿಗೇ ಇಟ್ಟಿದೆ. ಒಂದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ ತೋರುವುದನ್ನು ಜಾನ್ ಲಾಕ್ ಎಂಬ ತತ್ತ್ವಜ್ಞನು 1690ರ ತನ್ನ ಗ್ರಂಥದಲ್ಲಿ ಚರ್ಚಿಸಿದ್ದನು. ತಾಪಮಾಪಕವು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಸುಲಭವಾದ ಪೀಠಿಕೆಯಿಲ್ಲ. ಉಣ್ಣೆಯ ಎಳೆಗಳ ನಡುವಣ ಗಾಳಿಯನ್ನೂ ಪುಸ್ತಕವು ಸರಿಯಾಗಿ ಹೇಳಿದೆ. ಆದರೆ ಹೇಳಿದೆ, ಅಷ್ಟೆ. ಇದಕ್ಕಿಂತ ಚಿಂತಾಜನಕವಾದುದು ದಪ್ಪವಾದ ಒಂದು ಕಂಬಳಿ ಲೇಸೋ, ತೆಳುವಾದ ಎರಡನ್ನು ಜೋಡಿಸಿಕೊಳ್ಳುವುದು ಲೇಸೋ ಎಂಬ ಪ್ರಶ್ನೆಯ ಗತಿ. ಪ್ರಶ್ನೆಯು ರಮ್ಯವಾದುದು, ಒಂದು ವಾರದ ವಾದಕ್ಕೆ ಸಾಕಾಗುವಂಥದು. ಆದರೆ ಅದರ ಬೆನ್ನಿಗೇ, ಎರಡು ಕಂಬಳಿಗಳ ನಡುವೆ ಗಾಳಿಯ ಪದರವಿರುವುದನ್ನು ಮರೆಯಬೇಡವೆಂಬ ಎಚ್ಚರಿಕೆಯು ಬಂದು ಕುಳಿತಿದೆ. ಮಗುವು ಇನ್ನು ಯೋಚಿಸಬೇಕಾದುದೇನು? ಕಥೆಗಾರನು ರಹಸ್ಯವನ್ನು ಮೊದಲನೆಯ ಪುಟದಲ್ಲಿ ಹೊರಗೆಡಹಿದಂತಾಯಿತು. ಮಧ್ಯಪ್ರದೇಶದಲ್ಲಿ 1972ರಿಂದ 2002ರ ವರೆಗೆ ನಡೆದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣದ ಪ್ರಯತ್ನದಲ್ಲಿ ‘ಬಾಲ ವೈಜ್ಞಾನಿಕ’ವೆಂಬ ಪುಸ್ತಕವನ್ನು ಬರೆದವರು, ಪ್ರಶ್ನೆಗಳ ಉತ್ತರಗಳನ್ನು ಅಚ್ಚುಹಾಕದೆ ಮಕ್ಕಳ ಪ್ರಯೋಗಕ್ಕೇ ಬಿಟ್ಟಿದ್ದರು. ಅಧ್ಯಾಪಕರಿಗೆ ಅದು ಕಷ್ಟವಾದ ಮಾರ್ಗ. ಗದ್ಯಲೇಖಕನ ಸಂಯಮದ ದೃಷ್ಟಿಯಿಂದ ಅದೇ ಮೇಲಾದುದು.

ಇಂತಹ ಅಧ್ಯಾಯದಿಂದ ಆಗುವ ನಷ್ಟವು ಅಂಕಗಳಲ್ಲಿ ಕಾಣುವುದಿಲ್ಲ. ಮಗುವು ಪರೀಕ್ಷೆಯಲ್ಲಿ ‘ಉಣ್ಣೆಯು ಅವಾಹಕ’ವೆಂದು ಬರೆದು ಪೂರ್ಣಾಂಕವನ್ನು ಪಡೆಯುತ್ತದೆ, ಮನೆಗೆ ಹೋಗಿ ಕಂಬಳಿಯಲ್ಲಿ ಬಿಸಿಯಿದೆಯೆಂದೇ ನಂಬಿ ಮಲಗುತ್ತದೆ. ಅದರ ಬಳಿ ಎರಡು ಭಾಷೆಗಳಾದುವು, ಒಂದು ಕೇಳಿದವರಿಗೆ ಒಪ್ಪಿಸುವುದಕ್ಕೆ, ಒಂದು ಬಾಳುವುದಕ್ಕೆ. ಗ್ರಾಂಥಿಕವಾದ ಉತ್ತರಕ್ಕೂ ಬಾಯಿಮಾತಿಗೂ ಇಂತಹ ಬಿರುಕು ಬೀಳುವುದನ್ನು ಸಾಹಿತ್ಯದ ಅಧ್ಯಾಪಕರು ತಮ್ಮ ಪಾಠಗಳಲ್ಲಿಯೂ ಬೇಕಾದಷ್ಟು ಕಂಡವರೇ.

ಇನ್ನೊಂದು ಲೋಪವು ಅನುವಾದದಿಂದ ಬಂದುದು. ಮಕ್ಕಳ ಪುಸ್ತಕಗಳಲ್ಲಿ ಕಂಬಳಿಯು ಚಳಿಗಾಲದ ಚಿತ್ರದಲ್ಲಿಯೇ ಕಾಣಿಸಿಕೊಳ್ಳುವುದು ಹೆಚ್ಚು. ಚಳ್ಳಕೆರೆಯ ಕಡೆಯ ಕುರಿಗಾಹಿಯು ಮಳೆಯಲ್ಲಿಯೂ ಉರಿಬಿಸಿಲಿನಲ್ಲಿಯೂ ಅದನ್ನೇ ಹೊದೆಯುತ್ತಾನೆ. ರಾಯಚೂರಿನಲ್ಲಿ ಬೇಸಗೆಯ ಹಗಲು 40 ಡಿಗ್ರಿಯನ್ನು ದಾಟಿದಾಗ ಹೊರಗಿನ ಗಾಳಿಯು ಮೈಗಿಂತ ಹೆಚ್ಚು ಕಾದಿರುತ್ತದೆ; ಆಗ ಶಾಖವು ಸಾಗುವ ದಿಕ್ಕು ತಿರುಗಿ, ಹೊದಿಕೆಯು ಹೊರಗಿನ ಕಾವನ್ನು ತಡೆಯುವುದಾಗುತ್ತದೆ. ಮುಟ್ಟಿದರೆ ತಣ್ಣಗಿರುವುದು ಕಬ್ಬಿಣ, ತಣ್ಣಗಿರದುದು ಮರ ಎಂಬ ಪುಸ್ತಕದ ಮಾತೂ ಅಂದು ತಲೆಕೆಳಗಾಗುವುದು: ಕೊಠಡಿಯ ನೆರಳಿನಲ್ಲಿದ್ದರೂ ಕಬ್ಬಿಣದ ಕಿಟಕಿಯ ಸರಳು ಚುರುಕೆನ್ನುತ್ತದೆ, ಮರದ ಚೌಕಟ್ಟು ಅಷ್ಟಾಗಿ ಸುಡುವುದಿಲ್ಲ. ಎರಡರ ತಾಪಮಾನವೂ ಒಂದೇ.